ನಿವ್ವಳ

ಅಪ್ಪ ವೆಹ್ಬಿ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ತೂಕದವನು.
ಬೀಟ್ ಗೆಡ್ಡೆಯ ಗಾಡಿ ಒಳಗೆ ಬರುವಾಗ ಒಂದು ಸಲ,
ಖಾಲಿಯಾಗಿ ಹೊರಗೆ ಹೋಗುವಾಗ ಒಂದು ಸಲ.
ಹಸಿರು ರಟ್ಟಿನ ಪುಸ್ತಕದಲ್ಲಿ ಮೂರು ಮನೆ:
ತುಂಬಿದ ತೂಕ, ಗಾಡಿಯ ತೂಕ, ನಿವ್ವಳ.
ಅಂಟಿದ ಮಣ್ಣಿಗೆ ನೂರಕ್ಕೆ ಎಂಟು ಕಡಿತ.
ಸ್ವಂತ ಭಾವಮೈದುನ ಬಂದರೂ ಎಂಟೇ.
ಕುಂಬೆಲ್ಲಿನಲ್ಲಿ ಅವನನ್ನು ಪ್ರೀತಿಸಿದವರು ಕಡಿಮೆ,
ನಂಬದವರು ಇರಲಿಲ್ಲ.

ಐವತ್ತೆಂಟರಲ್ಲಿ ಬಾಯ್ಲರ್ ಮನೆಯ ಹುಡುಗರು ಕುಂಬೆಲ್‌ಸ್ಪೋರ್ ಕಟ್ಟಿದಾಗ
ಲೆಕ್ಕ ಬರೆಯಲು ಇನ್ನಾರು?
ಅದೇ ಹಸಿರು ರಟ್ಟು, ಅದೇ ಮೂರು ಮನೆ:
ಹೊಡೆದ ಗೋಲು, ತಿಂದ ಗೋಲು, ನಿವ್ವಳ.
ಕಳೆಯುವ ಚಿಹ್ನೆಗೆ ಕೆಂಪು ಶಾಯಿ ಬಳಸಲಿಲ್ಲ.
‘ಸೋಲು ತಪ್ಪಲ್ಲ, ತೂಕ’ ಎನ್ನುತ್ತಿದ್ದ.

ಹೊರಗಿನವರಿಗೆ ಬೀಟೆಂದರೆ ಕೆಂಪು.
ನಮ್ಮದು ಬಿಳಿ, ಮಣ್ಣು ಮೆತ್ತಿದ ಬಿಳಿ.
ಅಂಗಿಯೂ ಅದೇ ಬಣ್ಣ, ಮೊದಲ ಹತ್ತು ನಿಮಿಷದ ನಂತರ.
ಅಕ್ಟೋಬರಿನಲ್ಲಿ ಹಂಗಾಮು, ಮೂರು ಪಾಳಿ.
ರಾತ್ರಿಪಾಳಿ ಮುಗಿಸಿ ನೇರ ಮೈದಾನಕ್ಕೆ ಬಂದ ಸೆಂಟರ್ ಹಾಫ್
ಕಾರ್ನರಿಗೆ ಕಾಯುತ್ತ ನಿಂತಲ್ಲೇ ತೂಕಡಿಸಿದ;
ಅದನ್ನೂ ಬರೆದಿದ್ದಾನೆ.
ಅರವತ್ತಮೂರರ ಫೆಬ್ರುವರಿ: ಹಿಮ, ಬಸ್ಸು ಕಣಿವೆಯಲ್ಲಿ ಸಿಕ್ಕಿಬಿತ್ತು,
ಆಡದೆಯೇ ೦–೩.
ಷರಾ: ‘ಗಾಡಿ ಬಂದಿಲ್ಲ.’

ಎಪ್ಪತ್ನಾಲ್ಕರಲ್ಲಿ ಮೇಲಿನ ಲೀಗಿಗೆ ಹತ್ತಿದೆವು.
ಒಂದೇ ವರ್ಷ.
ಇಸ್ತಾಂಬುಲ್ಲಿನವರು ಬಸ್ಸಿಳಿದು ಮೂಗು ಮುಚ್ಚಿಕೊಂಡರು
(ಬೇಯುವ ಬೀಟಿನ ನಾತ; ನಮಗದು ಸಂಬಳದ ವಾಸನೆ),
ಮೂರು ಗೋಲು ಹೊಡೆದು ಮತ್ತೆ ಬಸ್ಸು ಹತ್ತಿದರು.
ಮೂವತ್ತು ಪಂದ್ಯ. ಆರು ಗೆಲುವು, ಒಂಬತ್ತು ಸಮ, ಹದಿನೈದು ಸೋಲು,
ಪತ್ರಿಕೆಗಳ ಪ್ರಕಾರ.

ಕೊನೆಯ ಭಾನುವಾರ ಒಂದೇ ಒಂದು ಅಂಕ ಬೇಕಿತ್ತು.
ಎಂಬತ್ತೊಂಬತ್ತನೇ ನಿಮಿಷ, ೧–೨.
ಚೆಂಡು ಸಾತಿಲ್ಮಿಶನ ಕಾಲಿಗೆ.
ಸಾತಿಲ್ಮಿಶ್ ಅಂದರೆ ಮಾರಿಬಿಟ್ಟವನು ಎಂದು.
ಮೊದಲ ಮೂರು ತೊಟ್ಟಿಲಲ್ಲೇ ಹೋದವು; ನಾಲ್ಕನೆಯದನ್ನು
ತಾಯಿ ದರ್ಗಾಕ್ಕೆ ಮಾರಿ, ಆ ಹೆಸರಿಟ್ಟು, ಉಳಿಸಿಕೊಂಡಳು.
ಸಾವು ಬಾಗಿಲಿಗೆ ಬಂದರೆ ‘ನನ್ನದಲ್ಲ’ ಎನ್ನಬಹುದಲ್ಲ.
ಓಡಿದ. ಎಡಗಾಲಿನಿಂದ ಹೊಡೆದ.
ಬಲೆ ಉಬ್ಬಿತು. ಬಾವುಟ ಎದ್ದಿತು. ಆಫ್‌ಸೈಡ್.
ಅಪ್ಪ ಆ ಗೆರೆಗೆ ನೇರವಾಗಿ
ಸುಣ್ಣದ ಡಬ್ಬದ ಮೇಲೆ ಕೂತಿದ್ದ.

ಇಳಿದೆವು. ಮತ್ತೂ ಇಳಿದೆವು.
ಕಾರ್ಖಾನೆ ಹರಾಜಾಯಿತು, ಚಿಮಣಿಯಲ್ಲಿ ಕೊಕ್ಕರೆ ಗೂಡು ಕಟ್ಟಿತು.
ಅಂಗಿಯ ಎದೆಯ ಮೇಲೆ ಮೊದಲು ಟೈಲ್ಸ್ ಕಂಪನಿ, ಆಮೇಲೆ ಹಲ್ಲಿನ ಆಸ್ಪತ್ರೆ.
ಹೋದ ವರ್ಷ ಕ್ಲಬ್ಬಿನ ಪರವಾನಗಿಯನ್ನೇ
ಕಡಲ ದಂಡೆಯ ಯಾವುದೋ ಊರಿಗೆ ಮಾರಿದರು.
ಉಳಿಯಲಿ ಎಂದು ಅಲ್ಲ.

ಅಲ್ಲಿಂದ ತುನಾಹಾನ್ ಎಂಬ ಹುಡುಗ ನನ್ನ ಅಂಗಡಿಗೆ ಬಂದ.
ಚಹಾ ಕೊಟ್ಟೆ. ಸಕ್ಕರೆ ಬೇಡ ಎಂದ.
‘ಅಕ್ಕಾ, ಇತಿಹಾಸವೂ ಒಪ್ಪಂದದಲ್ಲಿ ಸೇರಿದೆ’ ಎಂದ.
ಪುಟ ತಿರುವುತ್ತ ತಿರುವುತ್ತ ಒಂದು ಕಡೆ ನಿಂತ.
‘ಇಲ್ಲಿ ತಪ್ಪಿದೆ. ಫೆಡರೇಶನ್ನಿನಲ್ಲಿ ೧–೨. ಇದರಲ್ಲಿ ೨–೨.’

ಹೌದು. ಅಪ್ಪನ ಅಕ್ಷರವೇ.
ತಿದ್ದಿದ ಗುರುತಿಲ್ಲ, ಶಾಯಿ ಒಸರಿಲ್ಲ.
ಮೂವತ್ತೊಂದು ವರ್ಷ ಯಾರಿಗೂ ಒಂದು ಕಿಲೋ ಹೆಚ್ಚು ಬರೆಯದ ಕೈ.
ಈ ಪುಟದಲ್ಲಿ ನಾವು ಇಳಿಯಲೇ ಇಲ್ಲ.
ಆದರೆ ಮುಂದಿನ ಪುಟದ ತಲೆಯ ಮೇಲೆ ಅದೇ ಕೈ
‘ಎರಡನೇ ಡಿವಿಜನ್’ ಎಂದು ಬರೆದು
ಅಡಿಗೆರೆ ಎಳೆದಿದೆ.

‘ತಿದ್ದಲಾ?’ ಎಂದ ಹುಡುಗ, ಪೆನ್ನು ತೆಗೆದು.
ನಾನು ಪುಸ್ತಕ ಕಿತ್ತುಕೊಂಡು
ಈರುಳ್ಳಿ ತೂಗುವ ತಕ್ಕಡಿಯಲ್ಲಿಟ್ಟೆ.
ಎರಡು ಕಿಲೋ ಮುನ್ನೂರು ಗ್ರಾಂ.
‘ಬರೆದುಕೋ. ಮಣ್ಣಿಗೆ ನೂರಕ್ಕೆ ಎಂಟು ಕಳೆ.
ಮಿಕ್ಕಿದ್ದಕ್ಕೆ ರಸೀದಿ ಕೊಟ್ಟು ಒಯ್ಯಿ.’

ಅವನ ಹತ್ತಿರ ರಸೀದಿ ಪುಸ್ತಕ ಇರಲಿಲ್ಲ.
ಚಹಾ ಅರ್ಧಕ್ಕೇ ಬಿಟ್ಟು ಹೋದ.