ಒಳಗೆ ಬಿಟ್ಟ ಬಟ್ಟೆ

ಮತ್ತಿಕೆರೆಯ ಈ ಎಂಟು ಬೈ ಹತ್ತರ ಅಂಗಡಿಯಲ್ಲಿ
ಇಪ್ಪತ್ತಾರು ವರ್ಷ ಕೂತು
ಬೇರೆಯವರ ಸೊಂಟ ಅಳೆದಿದ್ದೇನೆ.
ಟೇಪಿಗೆ ಸುಳ್ಳು ಬರುವುದಿಲ್ಲ.
ಉಸಿರು ಬಿಗಿಹಿಡಿದು ನಿಂತವರನ್ನು
ಊರಿನ ಮಾತಿಗೆ ಎಳೆದು,
ಹೊಟ್ಟೆ ತನ್ನ ಜಾಗಕ್ಕೆ ಬಂದ ಮೇಲೆ ಬರೆದುಕೊಳ್ಳುತ್ತೇನೆ.

ಜನವರಿ ಎರಡನೆಯ ವಾರ ಎಲ್‌ಐಸಿ ಧನಂಜಯ ಬರುತ್ತಾರೆ,
ಎರಡು ಪ್ಯಾಂಟು, ಕಾಲಲ್ಲಿ ಹೊಸ ಬೂಟು:
'ಒಂದೂವರೆ ಇಂಚು ಹಿಡೀರಿ ಟೈಲರೇ,
ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿದೀನಿ.'
ಹಿಡಿಯುತ್ತೇನೆ. ಕತ್ತರಿಸುವುದಿಲ್ಲ.
ಯುಗಾದಿ ಹೊತ್ತಿಗೆ ಅದೇ ಪ್ಯಾಂಟು, ಅದೇ ಚೀಲ,
ಕಣ್ಣು ಮಾತ್ರ ಬೀದಿಯ ಕಡೆ:
'ಸ್ವಲ್ಪ ಬಿಡಿ.'
ಬಿಡುತ್ತೇನೆ.
ಹೊಲಿಗೆ ಬಿಚ್ಚಿದ ಕಡೆ ಸಾಲು ತೂತು,
ಇಸ್ತ್ರಿ ಹಾಕಿದರೂ ಕೆಲವು ದಿನ ಕಾಣುತ್ತವೆ.

ಒಳಗೊಳಗೇ ನಗುತ್ತಿದ್ದೆ ನಾನೂ,
ಈ ಸಲ ಶಿವರಾತ್ರಿ ಕಳೆದ ವಾರ
ಬಿದ್ದ ಬಾಬಿನ್ ಎತ್ತಲು ಕುಕ್ಕರಗಾಲಲ್ಲಿ ಕೂತವನು
ಏಳಲಾರದೆ
ಮೆಷಿನ್ನಿನ ಕಾಲು ಹಿಡಿದುಕೊಳ್ಳುವ ತನಕ.
ಕಾಜಾ ಹಾಕುವ ನೂರುಲ್ಲಾ
ಕಂಡೂ ಕಾಣದವನಂತೆ ಗುಂಡಿ ಎಣಿಸಿದ.

ಆಸ್ಪತ್ರೆಯ ಫಿಸಿಯೋ ಶಾಜಿಯಾ, ನನ್ನ ಮಗಳ ವಯಸ್ಸು,
ಮಂಡಿ ಒತ್ತಿ ನೋಡಿ
ಮಾತ್ರೆ ಕೊಡಲಿಲ್ಲ. ಕುರ್ಚಿಯೊಂದನ್ನು ಎಳೆದಳು.
'ಕೈ ಊರದೆ ಏಳಿ, ಕೈ ಊರದೆ ಕೂರಿ. ದಿನಾ ಹತ್ತು.'
ಅಷ್ಟೇನಾ? ಅಂದೆ.
'ಅಷ್ಟು ಮಾಡಿ. ಆಮೇಲೆ ಅಷ್ಟೇನಾ ಅನ್ನಿ.'

ಬಸ್ಕಿ ಅಂದರೆ ನನಗೆ ಗೊತ್ತಿದ್ದದ್ದು
ಮಗ್ಗಿ ತಪ್ಪಿದ್ದಕ್ಕೆ ಕಿವಿ ಹಿಡಿದು ಹೊಡೆದದ್ದು.
ಹದಿಮೂರೇಳ್ಲೆ ಎಷ್ಟು?
ಇವತ್ತಿಗೂ ನಾಲಿಗೆ ಅಲ್ಲಿ ಎಡವುತ್ತದೆ.
ಈಗ ಐವತ್ತೆಂಟರಲ್ಲಿ
ಯಾವ ಮೇಷ್ಟರೂ ಇಲ್ಲದೆ, ಯಾವ ತಪ್ಪಿಗೋ,
ಬೆಳಿಗ್ಗೆ ಶಟರು ಅರ್ಧ ಮಾತ್ರ ಎತ್ತಿ
ಕಬ್ಬಿಣದ ಸ್ಟೂಲಿನ ಮುಂದೆ
ಏಳುತ್ತೇನೆ, ಕೂರುತ್ತೇನೆ.
ಪಾರ್ಕಿಗೆ ಹೋಗುವವರಿಗೆ ಎರಡು ಕಾಲಷ್ಟೇ ಕಾಣಬೇಕು,
ಮಡಚುತ್ತ, ನಿಗುರುತ್ತ.
ಹೂವಿನ ಗಾಡಿಯ ಮುನಿಲಕ್ಷ್ಮಮ್ಮ ಮೊದಲ ವಾರ ನಕ್ಕಳು.
ಎರಡನೆಯ ವಾರ ಎಣಿಸತೊಡಗಿದಳು,
ಮೊಳ ಹಾಕುವ ದನಿಯಲ್ಲೇ:
ಒಂಬತ್ತಾಯ್ತು, ಇನ್ನೊಂದೈತೆ.

ಬಟ್ಟೆಗೆ ಗುರುತು ಹಾಕುವ ನೀಲಿ ಬಿಲ್ಲೆಯಲ್ಲಿ
ಗೋಡೆಗೆ ದಿನಕ್ಕೊಂದು ಗೀಟು.
ನಲವತ್ತೊಂದು ಗೀಟು.
ಆಮೇಲೆ ಶಾಲೆಯ ಯೂನಿಫಾರಂ ಬಂತು,
ಇನ್ನೂರ ಎಂಬತ್ತು ಚಡ್ಡಿ,
ರಾತ್ರಿ ಒಂದರ ತನಕ ಪೆಡಲು.
ಬೆಳಿಗ್ಗೆ 'ನಾಳೆ', ಮರುದಿನ 'ಭಾನುವಾರದಿಂದ',
ಭಾನುವಾರ ಯಾರದೋ ಗೃಹಪ್ರವೇಶ, ಒಬ್ಬಟ್ಟು.
ಹದಿನೇಳು ದಿನ ಗೋಡೆ ಖಾಲಿ.
ಮಂಡಿಯಲ್ಲಿ ಮತ್ತೆ ತುಕ್ಕು ಕತ್ತರಿಯ ಸದ್ದು.

ಧನಂಜಯ ಈ ವರ್ಷ ಪ್ಯಾಂಟು ಬಿಡಿಸಲು ಕೊಟ್ಟವರು
ಒಯ್ಯಲು ಬಂದೇ ಇರಲಿಲ್ಲ.
ಒಂದು ಸಂಜೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು
ಸೊಂಟದ ಮಡಿಕೆ ತಿರುವಿದೆ:
ನಾನೇ ಎಂದೋ ಒಳಗೆ ಬಿಟ್ಟಿದ್ದ ಬಟ್ಟೆ,
ಬಿಸಿಲು ಕಾಣದ್ದು, ಹೊಸದರ ಹಾಗೇ ಕಪ್ಪಗೆ.
ಒಂದಿಂಚು ಬಿಟ್ಟು ಹೊಲಿ, ಅನ್ನುತ್ತಿದ್ದ ಅಪ್ಪ
ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ;
ಮೈ ಇವತ್ತಿದ್ದ ಹಾಗೆ ನಾಳೆ ಇರಲ್ಲ ಕಣೋ.
ನನ್ನ ಲೆಕ್ಕಕ್ಕೆ ಮಾತ್ರ
ಅಂಚಿಗೇ ಹೊಲಿಗೆ ಹಾಕಿಕೊಂಡಿದ್ದೆ.

ಮರುದಿನ ಹತ್ತು ಆಗಲಿಲ್ಲ. ಆರು.
ಖಾಲಿ ಜಾಗವನ್ನು ಖಾಲಿಯೇ ಬಿಟ್ಟು
ಅದರಾಚೆ ಗೀಟು ಎಳೆದೆ.
ಬೆನ್ನು ನೆಟ್ಟಗೆ ಮಾಡಿ ಉಸಿರು ತಗೊಳ್ಳುವಾಗ
ಶಟರಿನ ಕೆಳಗೆ ಬಂದು ನಿಂತವು
ಜನವರಿಯ ಬೂಟುಗಳು, ಇನ್ನೂ ಹೊಸವು.
'ಟೈಲರೇ, ನನ್ನ ಪ್ಯಾಂಟು...'

ಬಗ್ಗಿ ಬನ್ನಿ, ಅಂದೆ.
ಬಗ್ಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.
ಅಷ್ಟರಲ್ಲಿ ನಾನು
ಇನ್ನೊಂದು ಸ್ಟೂಲಿನ ಮೇಲಿದ್ದ ಚಡ್ಡಿಗಳನ್ನೆಲ್ಲ
ಪಕ್ಕಕ್ಕೆ ಎತ್ತಿಟ್ಟೆ.