ಸುಲಭದ ದಾರಿ

ಬುಡದಲ್ಲಿ ನೆಟ್ಟ ಹಲಗೆ ಹೇಳುತ್ತದೆ:
ಸುಲಭದ ದಾರಿ, ಮುಕ್ಕಾಲು ಗಂಟೆ,
ಮಕ್ಕಳೂ ಹತ್ತಬಹುದು.
ದಿಯೊಲಿಂದಾ ನಕ್ಕಳು: "ಮಕ್ಕಳೇ ಹತ್ತುತ್ತಿದ್ದುದು.
ನನಗಾಗ ಒಂಬತ್ತು. ತಲೆಮೇಲೆ ಯಜಮಾನಿಯ ಮೇಲುಹಾಸು,
ಇಸ್ತ್ರಿಯ ಗೆರೆ ಮುರಿಯುವ ಹಾಗಿಲ್ಲ."

ತಿರುವಿಗೊಂದು ನೋಟ. ದ್ರಾಕ್ಷಿಸಾಲು ಮೆಟ್ಟಿಲಿಳಿದು
ದೋರು ನದಿಗೆ ಕಾಲು ಇಳಿಬಿಟ್ಟಿದೆ.
"ಆಗಲೂ ಹೀಗೇ ಇತ್ತಾ?"
"ಯಾರಿಗೆ ಗೊತ್ತು ಮಗಾ, ಕತ್ತು ಹೊರಳಿಸಿದರೆ
ಬುಟ್ಟಿ ಬೀಳುತ್ತಿತ್ತು."

ಬೇಲಿಯ ಚೆರ್ರಿ ಕಿತ್ತು ಬಾಯಿಗೆಸೆದುಕೊಂಡಳು,
ಅತ್ತಿತ್ತ ನೋಡಿ.

ಗುಡ್ಡದ ನೆತ್ತಿಯಲ್ಲಿ ಬಂಗಲೆ.
ಮುಂಬಾಗಿಲು ಅಗಲ ತೆರೆದಿದೆ, ತಲೆಗೆ ನಾಲ್ಕು ಯೂರೋ.
ಅವಳ ಕಾಲು ಮಾತ್ರ ತಂತಾನೇ
ಹಿತ್ತಿಲಿಗೆ ತಿರುಗಿತು.
ಅಡುಗೆಮನೆಯ ಬಾಗಿಲಿದ್ದಲ್ಲಿ
ಈಗ ಗೋಡೆ.

ಬೀಜ ಉಗಿದಳು. ಆ ಗೋಡೆಗೇ ಬೆನ್ನು ಕೊಟ್ಟು
ಕೂತಳು, ನದಿಯ ಕಡೆ.
ಇಳಿಯೋಣವೆಂದರೆ ಕೇಳಿಸಲೇ ಇಲ್ಲ ಅವಳಿಗೆ.