ಎರಡನೆಯ ಚೊಂಬು

ಐವತ್ತಕ್ಕೆ ಎರಡು ಕಮ್ಮಿ ನನಗೆ.
ಆದರೂ ತಂಗಡಿ ಸೊಪ್ಪಿನ ಮೇಲೆ ಕೂತು
ಬೆಳಗಿನಿಂದ ಜಾರಿದೆ.
ಜೋಗಿಮಟ್ಟಿಯ ಮಗ್ಗುಲ ಬಂಡೆ, ಮಾಗಿಯ ಗಾಳಿ,
ಹಿಂದಿನಿಂದ ನೂಕುವ ತಂಗಿಯ ಮಕ್ಕಳು:
"ದೊಡ್ಡವ್ವ, ಕಾಲೆತ್ತು!"

ಇಪ್ಪತ್ತೋ ಇಪ್ಪತ್ತೊಂದೋ ಸಲ.
ಕೊನೆಯ ಸಲ ಸೊಪ್ಪು ಅಲ್ಲೇ ಉಳಿದು
ನಾನೊಬ್ಬಳೇ ಕೆಳಗೆ ಬಂದೆ.

ಈಗ ಬಚ್ಚಲಲ್ಲಿ ಹಂಡೆ ಗುನುಗುತ್ತಿದೆ.
ಒಲೆಗೆ ಶೇಂಗಾ ಸಿಪ್ಪೆ ಸುರಿಯುತ್ತ ಮಾರಕ್ಕ
ಏನೂ ಕೇಳುವುದಿಲ್ಲ;
ಸೀರೆಯ ಹಿಂಭಾಗ ನೋಡಿದ್ದಾಳೆ, ಸಾಕು.

ಮೊದಲ ಚೊಂಬಿಗೆ
ತರಚಿದಲ್ಲೆಲ್ಲ ಬಂಡೆ ಮತ್ತೆ ಎದ್ದು ಉರಿಯಿತು.
ಅಯ್ಯಯ್ಯೋ ಎಂದೆ.
ಎರಡನೆಯದಕ್ಕೆ
ದುರ್ಗದ ಬ್ಯಾಂಕಿನ ಮರದ ಕುರ್ಚಿ
ಹತ್ತೊಂಬತ್ತು ವರ್ಷ ಕೂತು ಬಿಗಿದ ಗಂಟೊಂದು
ಸೊಂಟದಿಂದ ಸಡಿಲಿ,
ಬೇವಿನೆಲೆಯ ಜೊತೆ ತೇಲಿ,
ಬಚ್ಚಲ ಕಿಂಡಿಯಲ್ಲಿ ಒಂದು ಗಳಿಗೆ ತಡೆದು
ಹೋಗಿಯೇ ಬಿಟ್ಟಿತು.
ಬೆರಳ ತುದಿಗಳು ಬೋಟಿಯಂತೆ ಸುಕ್ಕಾದವು.
ಯಾರೋ ನಗುತ್ತಿದ್ದರು, ನಾನೇ.

"ಸಾಕೇನೆ?" ಹೊಗೆಯೊಳಗಿಂದ ಮಾರಕ್ಕ.
ನಾಳೆ ಕೌಂಟರಿನಲ್ಲಿ ಕೂರಲಾರೆ,
ನಿಂತೇ ನೋಟು ಎಣಿಸಬೇಕು.
"ಇನ್ನೊಂದು ಹುಯ್ಯಿ," ಎಂದೆ,
"ತಳ ಕಾಣೋ ತನಕ."